ಗುಳೆ ಹೋದವರ ಜ್ವರ: ರಾಯಚೂರು ಕಂಡ ಎರಡು ಮಹಾಸೋಂಕುಗಳು

2020ರ ಮೇ 29ರಂದು ಕರ್ನಾಟಕ ಸರ್ಕಾರ ಹೊರಡಿಸಿದ ಕೋವಿಡ್ ಬುಲೆಟಿನ್‌ನಲ್ಲಿ 248 ಹೊಸ ಪ್ರಕರಣಗಳಿದ್ದವು. ರಾಯಚೂರು, ಕಲಬುರಗಿ, ಯಾದಗಿರಿ ಈ ಮೂರೇ ಜಿಲ್ಲೆಗಳಿಂದ ತಲಾ ಅರವತ್ತರ ಆಸುಪಾಸು. ಆ ದಿನಗಳಲ್ಲಿ ಸಂಜೆಯಾದರೆ ಬುಲೆಟಿನ್‌ಗಾಗಿ ಕಾಯುತ್ತಿದ್ದವರಿಗೆ ಅದರ ರೂಪ ನೆನಪಿರಬಹುದು. ರೋಗಿಗೆ ಹೆಸರಿಲ್ಲ. 'ಪಿ' ಎಂಬ ಅಕ್ಷರದ ಮುಂದೆ ಒಂದು ಸಂಖ್ಯೆ, ವಯಸ್ಸು, ಲಿಂಗ, ಜಿಲ್ಲೆ, ಆಮೇಲೆ ಸೋಂಕು ಎಲ್ಲಿಂದ ಬಂತೆಂಬ ಒಂದು ಕಾಲಂ. ರಾಯಚೂರಿನ ಸಾಲುಗಳಲ್ಲಿ ಆ ಕಾಲಂ ಬಹುತೇಕ ಒಂದೇ ಮಾತನ್ನು ಹೇಳುತ್ತಿತ್ತು: ಮಹಾರಾಷ್ಟ್ರದಿಂದ ವಾಪಸಾದವರು.

ಈ ಒಂದು ಸಾಲು ಇತಿಹಾಸದ ವಿದ್ಯಾರ್ಥಿಯಾದ ನನ್ನನ್ನು ಬಹಳ ದಿನ ಕಾಡಿದೆ. ಅದು ಸುಳ್ಳಲ್ಲ. ಮುಂಬೈ, ಪುಣೆಗಳಿಂದ ಬಂದವರಲ್ಲೇ ಸೋಂಕು ಕಂಡಿತ್ತು. ಅವರಲ್ಲಿ ದೊಡ್ಡ ಪಾಲು ದೇವದುರ್ಗ ತಾಲ್ಲೂಕಿನವರು. ಆದರೆ 'ವಾಪಸಾದವರು' ಎಂದು ಬರೆದ ಕೂಡಲೇ ಇನ್ನೊಂದು ಪ್ರಶ್ನೆ ಏಳಬೇಕಿತ್ತು: ಅವರು ಹೋಗಿದ್ದೇಕೆ? ಆ ಪ್ರಶ್ನೆಗೆ ಬುಲೆಟಿನ್‌ನಲ್ಲಿ ಕಾಲಂ ಇರಲಿಲ್ಲ. ರೋಗಪತ್ತೆಯ ಪಟ್ಟಿಯಲ್ಲಿ ಅದು ಇರಬೇಕೆಂದು ಕೇಳುವುದೂ ಅತಿಯೇ. ಆದರೂ ಒಂದು ಜಿಲ್ಲೆಯ ಸಾರ್ವಜನಿಕ ಆರೋಗ್ಯದ ಚರಿತ್ರೆ ಬರೆಯುವಾಗ ಆ ಕಾಲಂ ಇಲ್ಲದೆ ಮುಂದೆ ಹೋಗಲಾಗದು. ರಾಯಚೂರಿನ ಮಟ್ಟಿಗೆ ಸಾಂಕ್ರಾಮಿಕದ ಕತೆ ಶುರುವಾಗುವುದು ಆಸ್ಪತ್ರೆಯಿಂದಲ್ಲ, ದಾರಿಯಿಂದ. ನೂರು ವರ್ಷದ ಹಿಂದೆಯೂ ಹಾಗೇ ಇತ್ತು.

ಮೊದಲು ದಾರಿಯ ಮಾತು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್‌ಗಾಗಿ ಬಹಮನಿ, ವಿಜಯನಗರ, ಆದಿಲಶಾಹಿಗಳು ಕಾದಾಡಿದ ಕತೆ ಶಾಲೆಯ ಪುಸ್ತಕದಲ್ಲಿದೆ. ಆದರೆ ಆಧುನಿಕ ರಾಯಚೂರನ್ನು ಮಾಡಿದ ಘಟನೆ ನಡೆದದ್ದು 1871ರಲ್ಲಿ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಗಳು ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿಗಳನ್ನು ಕೂಡಿದ್ದು ಇಲ್ಲಿಯೇ. ಆ ವರ್ಷದಿಂದ ರಾಯಚೂರು ಎರಡು ಮಹಾನಗರಗಳ ನಡುವಿನ ಗಂಟು. ಇಲ್ಲಿನ ಹತ್ತಿ ಮತ್ತು ಕೂಲಿಯಾಳು ಮುಂಬೈಗೆ ಹೋಗುವ ದಾರಿ ಅದು. ಮುಂಬೈಯ ಜ್ವರ ಈ ಕಡೆ ಬರುವ ದಾರಿಯೂ ಅದೇ.

1918ರ ಜೂನ್‌ನಲ್ಲಿ ಮುಂಬೈ ಬಂದರಿನಲ್ಲಿ ಕಾವಲಿದ್ದ ಪೊಲೀಸ್ ಸಿಪಾಯಿಗಳು ಜ್ವರದಿಂದ ಮಲಗಿದರು. ಮಹಾಯುದ್ಧದ ಹಡಗುಗಳು ತಂದ ಇನ್‌ಫ್ಲುಯೆಂಜಾ ಅದು. ಮೊದಲ ಅಲೆ ಮೃದುವಾಗಿತ್ತು. ಸೆಪ್ಟೆಂಬರ್‌ನಲ್ಲಿ ಬಂದ ಎರಡನೆಯ ಅಲೆ ಕೊಂದುಹಾಕಿತು. ಅಕ್ಟೋಬರ್ 6ರಂದು ಮುಂಬೈ ನಗರವೊಂದರಲ್ಲೇ 768 ಸಾವುಗಳು ದಾಖಲಾದವು. ದೇಶದ ಒಳನಾಡಿನ ಜನ ಅದನ್ನು 'ಬಾಂಬೆ ಜ್ವರ' ಎಂದೇ ಕರೆದರು. ಬ್ರಿಟಿಷ್ ಭಾರತ ಸರ್ಕಾರದ ಸ್ಯಾನಿಟರಿ ಕಮಿಷನರ್ ಆಗಿದ್ದ ನಾರ್ಮನ್ ವೈಟ್, 1919ರಲ್ಲಿ ಸಲ್ಲಿಸಿದ ಪ್ರಾಥಮಿಕ ವರದಿಯಲ್ಲಿ, ರೋಗ ಹರಡುವುದರಲ್ಲಿ ರೈಲಿನ ಪಾತ್ರ ದೊಡ್ಡದೆಂದು ಗುರುತಿಸಿದ. ಸೊಲ್ಲಾಪುರ, ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು, ಗುಂತಕಲ್ ಎಂದು ಆ ಹಳಿಯ ನಿಲ್ದಾಣಗಳನ್ನು ಒಂದರ ಹಿಂದೊಂದು ಓದಿಕೊಂಡರೆ ಜ್ವರದ ದಿಕ್ಕು ತಾನಾಗಿಯೇ ತಿಳಿಯುತ್ತದೆ.

ಆಗಿನ ವೈದ್ಯರಿಗೆ ಅದು ವೈರಸ್ ಎಂಬುದೇ ತಿಳಿದಿರಲಿಲ್ಲ. ಫೈಫರ್ ಎಂಬ ಜರ್ಮನ್ ವಿಜ್ಞಾನಿ ಹೆಸರಿಸಿದ ಒಂದು ಬ್ಯಾಕ್ಟೀರಿಯಾವೇ ಕಾರಣವೆಂದು ಬಹುಮಂದಿ ನಂಬಿದ್ದರು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಲಂಡನ್ನಿನ ಪ್ರಯೋಗಾಲಯದಲ್ಲಿ ಸಿಕ್ಕಿದ್ದು 1933ರಲ್ಲಿ. ಹೀಗಾಗಿ 1918ರ ಸರ್ಕಾರಗಳನ್ನು 'ಲಸಿಕೆ ಏಕೆ ಕೊಡಲಿಲ್ಲ' ಎಂದು ಕೇಳಲಾಗದು. ಗಂಜಿ, ಹೊದಿಕೆ, ಆರೈಕೆ, ಎಣಿಕೆ ಇವನ್ನು ಯಾರಿಗೆ ಮುಟ್ಟಿಸಿದಿರಿ ಎಂದು ಮಾತ್ರ ಕೇಳಬಹುದು.

ರಾಯಚೂರು ಆಗ ಹೈದರಾಬಾದ್ ನಿಜಾಮರ ಸಂಸ್ಥಾನದ ಜಿಲ್ಲೆ. 1911ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆ. ವೈದ್ಯಕೀಯ ಚರಿತ್ರೆಯಲ್ಲಿ ಆ ಸಂಸ್ಥಾನದ ಹೆಸರು ಸಣ್ಣದಲ್ಲ. ಹೈದರಾಬಾದಿನಲ್ಲಿ 1846ರಲ್ಲೇ ವೈದ್ಯಕೀಯ ಶಾಲೆ ತೆರೆದಿತ್ತು, ಅಲ್ಲಿ ಉರ್ದುವಿನಲ್ಲಿ ಪಾಠ ನಡೆಯುತ್ತಿತ್ತು. ಅರಿವಳಿಕೆ ಮದ್ದಾದ ಕ್ಲೋರೋಫಾರ್ಮ್ ಕುರಿತ ಹೆಸರಾಂತ ಪ್ರಯೋಗಗಳು 1880ರ ದಶಕದ ಕೊನೆಗೆ ನಡೆದದ್ದು ಅಲ್ಲಿಯೇ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು ಪಕ್ಕದ ಸಿಕಂದರಾಬಾದಿನಲ್ಲಿ. ಅಂದರೆ ಜ್ಞಾನ ರಾಜಧಾನಿಯಲ್ಲಿ ಇತ್ತು. ಅದು ದೇವದುರ್ಗದ, ಮಾನ್ವಿಯ ಹಳ್ಳಿಗೆ ಇಳಿಯಲು ಬೇಕಾದ ಮೆಟ್ಟಿಲುಗಳು ಇರಲಿಲ್ಲ. ಹಳ್ಳಿಯಲ್ಲಿ ಸರ್ಕಾರವೆಂದರೆ ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಪಟವಾರಿ. ಕಂದಾಯ ವಸೂಲಿಗೆ ಕಟ್ಟಿದ ಆ ವ್ಯವಸ್ಥೆಯೇ ಸಾವುಗಳನ್ನೂ ಎಣಿಸಬೇಕಿತ್ತು.

ಎಣಿಕೆಯ ಫಲ 1921ರ ಜನಗಣತಿಯಲ್ಲಿದೆ. 1911ರಲ್ಲಿ ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1,33,74,676. ಹತ್ತು ವರ್ಷದ ನಂತರ 1,24,71,770. ಒಂಬತ್ತು ಲಕ್ಷ ಜನ ಕಡಿಮೆ. ಅದೇ ಅವಧಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 58 ಲಕ್ಷದಿಂದ ಸುಮಾರು 59.8 ಲಕ್ಷಕ್ಕೆ ಏರಿತು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು 'ಮೈಸೂರು ಒಳ್ಳೆಯ ಆಡಳಿತ, ನಿಜಾಮ್ ಕೆಟ್ಟ ಆಡಳಿತ' ಎಂದು ತೀರ್ಪು ಕೊಡುವುದು ಬಹಳ ಸುಲಭ. ನಮ್ಮ ಸಾಮಾಜಿಕ ಜಾಲತಾಣಗಳ ಇತಿಹಾಸಕಾರರು ಅದನ್ನು ದಿನವೂ ಮಾಡುತ್ತಾರೆ. ಮೈಸೂರು ಸರ್ಕಾರ 1918ರಲ್ಲಿ ಬೆಂಗಳೂರಿನಲ್ಲಿ ಮನೆಮನೆಗೆ ಸ್ವಯಂಸೇವಕರನ್ನು ಕಳಿಸಿತು, ಔಷಧಿ ಹಂಚಿತು ಎಂಬುದನ್ನು ಟಿ.ವಿ. ಶೇಖರ್ ಅವರ ಅಧ್ಯಯನ ವಿವರವಾಗಿ ತೋರಿಸಿದೆ. ಆದರೆ 1918ರ ಮುಂಗಾರು ಪಶ್ಚಿಮ ಮತ್ತು ನಡು ದಖನ್ನಿನಲ್ಲಿ ಕೈಕೊಟ್ಟ ರೀತಿಯೇ ಬೇರೆ. ಆ ವರ್ಷ ದೇಶ ಕಂಡ ಅತಿ ಕೆಟ್ಟ ಬರಗಳಲ್ಲಿ ಒಂದು. ಹೊಟ್ಟೆಗಿಲ್ಲದ ಮೈಗೆ ಜ್ವರ ಬಂತು. ಹೈದರಾಬಾದಿನಲ್ಲಿ ಕಡಿಮೆಯಾದ ಒಂಬತ್ತು ಲಕ್ಷದಲ್ಲಿ ಜ್ವರದಿಂದ ಸತ್ತವರು ಇದ್ದಾರೆ, ಪ್ಲೇಗು ಕಾಲರಾಗಳಿಂದ ಸತ್ತವರು ಇದ್ದಾರೆ, ಹಸಿದು ಊರು ಬಿಟ್ಟು ಗಡಿ ದಾಟಿದವರೂ ಇದ್ದಾರೆ. ಸತ್ತವನೂ ಗುಳೆ ಹೋದವನೂ ಜನಗಣತಿಯ ಪುಟದಲ್ಲಿ ಒಂದೇ ಬಗೆಯ ಕೊರತೆಯಾಗಿ ಕಾಣುತ್ತಾರೆ. ಮೊದಲ ಪಾಠ ಇದು: ಬರ, ಗುಳೆ, ಜ್ವರ ಈ ಮೂರನ್ನು ಬೇರೆಬೇರೆ ಕಡತಗಳಲ್ಲಿ ಇಟ್ಟರೆ ರಾಯಚೂರು ಅರ್ಥವಾಗುವುದಿಲ್ಲ.

ಕಡತಗಳಿಗೆ ಭಾಷೆಯ ಗೋಡೆಯೂ ಇದೆ. 1880ರ ದಶಕದಿಂದ ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು. ರಾಯಚೂರಿನ 1918ನ್ನು ಅರಿಯಬೇಕಾದ ಕನ್ನಡದ ವಿದ್ಯಾರ್ಥಿ ಬೆಂಗಳೂರಿನ ವಿಧಾನಸೌಧಕ್ಕಿಂತ ಮೊದಲು ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರಕ್ಕೆ ಹೋಗಬೇಕು, ಅದಕ್ಕೂ ಮೊದಲು ಉರ್ದು ಕಲಿಯಬೇಕು. ನಾನು ಇಪ್ಪತ್ತೈದರ ನಂತರ ಅಲಿಫ್, ಬೇ ತಿದ್ದಲು ಕೂತದ್ದು ಈ ಕಾರಣಕ್ಕೆ. ನಮ್ಮ ಕರ್ನಾಟಕದ ಆರೋಗ್ಯ ಚರಿತ್ರೆ ಎಂದರೆ ಸಾಮಾನ್ಯವಾಗಿ 1898ರ ಬೆಂಗಳೂರು ಪ್ಲೇಗು, ಅದರ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿ, ಮೈಸೂರು ದಿವಾನರ ಕ್ರಮಗಳು ಎಂದಾಗಿಬಿಟ್ಟಿದೆ. ಅದಕ್ಕೆ ಹಳೆ ಮೈಸೂರಿನವರ ಪಕ್ಷಪಾತವೊಂದೇ ಕಾರಣವಲ್ಲ. ಆಕರಗಳು ಇಂಗ್ಲಿಷ್ ಮತ್ತು ಕನ್ನಡದಲ್ಲಿ ಇದ್ದ ಕಡೆ ಚರಿತ್ರೆ ಬೆಳೆಯಿತು. ಇಲ್ಲದ ಕಡೆ ಬೆಳೆಯಲಿಲ್ಲ.

ಜನರ ನೆನಪಿನಲ್ಲಾದರೂ ಇದೆಯೇ? ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿರಿಯರ ಹತ್ತಿರ ಕೂತಾಗ ನನಗೆ ಸಿಕ್ಕ ಹಳೆಯ ಮಾತುಗಳೆಲ್ಲ ಪ್ಲೇಗಿನವು, ವಾಂತಿಭೇದಿಯವು, ಬರದವು, ರಜಾಕಾರರ ಕಾಲದವು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕತೆಯನ್ನು ಅಜ್ಜಿಯರು ತಮ್ಮ ಅಜ್ಜಿಯರಿಂದ ಕೇಳಿದ್ದಾರೆ. 1918ರ ಜ್ವರದ ಕತೆ ಹಾಗೆ ಉಳಿದಿಲ್ಲ. ಪ್ಲೇಗಿಗೆ ಒಬ್ಬ ಅಮ್ಮ ಇದ್ದಾಳೆ, ಸಿಡುಬಿಗೆ ಅಮ್ಮ ಇದ್ದಾಳೆ, ಈ ಜ್ವರಕ್ಕೆ ಗುಡಿಯಿಲ್ಲ. ಕೆಲವೇ ವಾರಗಳಲ್ಲಿ ಬಂದು ಹೋದದ್ದಕ್ಕೋ, ಜ್ವರ ಎಂಬ ಹೆಸರು ಬಹಳ ಮಾಮೂಲಾದದ್ದಕ್ಕೋ, ಅದು ಬರದ ನೆನಪಿನೊಳಗೆ ಕರಗಿತು. ಹಿಂದಿಯ ಕವಿ ನಿರಾಲಾ ತಮ್ಮ ಹೆಂಡತಿಯನ್ನೂ ಮನೆಯ ಹಲವರನ್ನೂ ಆ ಜ್ವರದಲ್ಲಿ ಕಳೆದುಕೊಂಡು ಅದನ್ನು ಗದ್ಯದಲ್ಲಿ ದಾಖಲಿಸಿದರು. ವಿಜಯದಾಸರು, ಜಗನ್ನಾಥದಾಸರಂಥವರನ್ನು ಕೊಟ್ಟ ಮಾನ್ವಿಯ ಸೀಮೆಗೆ ಹಾಡಿನ ಬಡತನವಿರಲಿಲ್ಲ. ಆದರೂ 1918ಕ್ಕೆ ಹಾಡುವವರು ಸಿಗಲಿಲ್ಲ. ದೇಶದಲ್ಲಿ ಸತ್ತವರು ಎಷ್ಟು ಎಂಬುದಕ್ಕೆ ಅಂದಿನ ಸರ್ಕಾರಿ ಅಂದಾಜು ಸುಮಾರು 60 ಲಕ್ಷ. ನಂತರದ ಸಂಶೋಧಕರ ಅಂದಾಜು 1.2 ಕೋಟಿಯಿಂದ 1.8 ಕೋಟಿಯವರೆಗೆ ಹೋಗುತ್ತದೆ. ನಡುವಿನ ಈ ಅಗಾಧ ಅಂತರದಲ್ಲಿ ನಮ್ಮ ಊರುಗಳೂ ಇವೆ.

ಇನ್ನು ಕಾನೂನಿನ ಕತೆ. ಇದು ನನ್ನ ಮಟ್ಟಿಗೆ ಇಡೀ ವಿಷಯದ ಅತ್ಯಂತ ಕುತೂಹಲದ ಭಾಗ. 2020ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಕೋವಿಡ್ ನಿಯಮಾವಳಿಯನ್ನು ಹೊರಡಿಸಿದಾಗ ಅದಕ್ಕೆ ಆಧಾರವಾಗಿ ಹೇಳಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು. ಮುಂಬೈ ಪ್ಲೇಗಿನ ಗಾಬರಿಯಲ್ಲಿ ಬ್ರಿಟಿಷರು ಅವಸರದಿಂದ ಮಾಡಿದ, ನಾಲ್ಕೇ ಕಲಮುಗಳ ಕಾಯ್ದೆ ಅದು. ಅದು ಸರ್ಕಾರಕ್ಕೆ ವಿಪರೀತ ಅಧಿಕಾರ ಕೊಡುತ್ತದೆ, ಜನರಿಗೆ ಏನು ಸಿಗಬೇಕೆಂದು ಒಂದು ಮಾತೂ ಹೇಳುವುದಿಲ್ಲ. ಮನೆಗೆ ನುಗ್ಗುವ, ಪ್ರಯಾಣಿಕರನ್ನು ತಡೆಯುವ, ಮೈ ತಪಾಸಣೆ ಮಾಡುವ ಆ ಕಾಯ್ದೆಯ ಬಳಕೆ ಎಂಥ ಪ್ರತಿರೋಧ ಹುಟ್ಟಿಸಿತೆಂದು ಡೇವಿಡ್ ಅರ್ನಾಲ್ಡ್ ಮೊದಲಾದ ಇತಿಹಾಸಕಾರರು ಬರೆದಿದ್ದಾರೆ.

ಸ್ವತಂತ್ರ ಭಾರತ ಈ ಕಾಯ್ದೆಯನ್ನು ಉಳಿಸಿಕೊಂಡಿತು. ಆದರೆ ಅದರ ಮೊದಲ ಕಲಮಿನಲ್ಲಿ ಒಂದು ವಿನಾಯಿತಿ ಇತ್ತು. 1956ರ ನವೆಂಬರ್ 1ಕ್ಕೆ ಮೊದಲು 'ಬಿ' ಭಾಗದ ರಾಜ್ಯಗಳಾಗಿದ್ದ ಪ್ರದೇಶಗಳಿಗೆ ಅದು ವಿಸ್ತರಿಸುವುದಿಲ್ಲ ಎಂದು. 'ಬಿ' ಭಾಗದ ರಾಜ್ಯಗಳೆಂದರೆ ಹಳೆಯ ಸಂಸ್ಥಾನಗಳು. ಹೈದರಾಬಾದ್ ಅದರಲ್ಲಿ ಒಂದು, ಮೈಸೂರು ಇನ್ನೊಂದು. ಅಂದರೆ ಕೇಂದ್ರದ ಕಾಯ್ದೆಯ ಅಕ್ಷರದಂತೆ ರಾಯಚೂರು ಅದರ ಹೊರಗೆ. ಹಾಗೆಂದು ಇಲ್ಲಿ ಕಾನೂನೇ ಇರಲಿಲ್ಲವೆಂದಲ್ಲ. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ, ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, 1950ರ ಹೈದರಾಬಾದ್ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದಿತ್ತು. ಲಾಕ್‌ಡೌನಿಗೆ ಮುಖ್ಯ ಆಧಾರವಾದ 2005ರ ವಿಪತ್ತು ನಿರ್ವಹಣಾ ಕಾಯ್ದೆ ಇಡೀ ದೇಶಕ್ಕೆ ಅನ್ವಯಿಸುತ್ತಿತ್ತು. 2020ರ ಏಪ್ರಿಲ್ 22ರ ಸುಗ್ರೀವಾಜ್ಞೆಯಿಂದ ಕೇಂದ್ರವು ಆ ವಿನಾಯಿತಿಯನ್ನು ಅಳಿಸಿಹಾಕಿತು. ಅದೇ ತಿಂಗಳು ಕರ್ನಾಟಕವೂ ತನ್ನದೇ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ತಂದಿತು. ಏಕೀಕರಣವಾಗಿ ಅರವತ್ತಮೂರು ವರ್ಷ ಕಳೆದ ಮೇಲೆ, ಒಂದು ವೈರಸ್ ಬಂದು, ಸಾಂಕ್ರಾಮಿಕದ ಕಾನೂನಿನ ಪುಟದಲ್ಲೂ ಕರ್ನಾಟಕವನ್ನು ಒಂದು ಮಾಡಿಸಿತು. ಏಕೀಕರಣ 1956ರಲ್ಲಿ ಮುಗಿಯಿತೆಂದು ನಂಬಿದವರಿಗೆ ಇದನ್ನು ಹೇಳಬೇಕೆನಿಸುತ್ತದೆ.

ಈಗ 2020ರ ದಿನಗಳನ್ನು ಸಾಲಾಗಿ ನೋಡೋಣ. ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಪಕ್ಕದ ಕಲಬುರಗಿಯಲ್ಲಿ. ಮಾರ್ಚ್ 10ರಂದು ಸಾವು, 12ರಂದು ದೃಢೀಕರಣ. ಮಾರ್ಚ್ 25ರಿಂದ ಲಾಕ್‌ಡೌನ್. ಹಳ್ಳಿಗಳಲ್ಲಿ ಡಂಗುರ ಹೊಡೆಸಿದರು, ಊರಬಾಗಿಲಿಗೆ ಮುಳ್ಳುಕಂಟಿ ಬಿದ್ದವು. ಮೇ 1ರ ಹೊತ್ತಿಗೆ ಕೇಂದ್ರ ಸರ್ಕಾರ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದಾಗ ರಾಯಚೂರು ಹಸಿರು. ಅದೇ ದಿನ ಶ್ರಮಿಕ ರೈಲುಗಳು ಶುರುವಾದವು. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಗಂಟುಮೂಟೆ ಹೊತ್ತು ನಿಂತ ಉತ್ತರ ಕರ್ನಾಟಕದ ಕೂಲಿಗಳಿಗೆ ಮೊದಲು ಬಸ್ ದರ ಕೇಳಲಾಯಿತು, ಟೀಕೆ ಬಂದ ಮೇಲೆ ಮೇ 3ರಿಂದ ಕೆಲವು ದಿನ ಉಚಿತವೆಂದು ಘೋಷಿಸಲಾಯಿತು. ಮೇ 5ರಂದು, ಮುಖ್ಯಮಂತ್ರಿಗಳು ಕಟ್ಟಡ ನಿರ್ಮಾಣಗಾರರ ಜೊತೆ ಸಭೆ ನಡೆಸಿದ ದಿನವೇ, ಹೊರರಾಜ್ಯದ ಕಾರ್ಮಿಕರನ್ನು ಕಳಿಸಲು ರೈಲು ಬೇಡವೆಂದು ರಾಜ್ಯ ಸರ್ಕಾರ ಬರೆಯಿತು. ದೇಶವೆಲ್ಲ ಗದ್ದಲವಾದ ಮೇಲೆ ಆ ನಿರ್ಧಾರ ಹಿಂದೆ ಸರಿಯಿತು. ಬಿಹಾರದ ಕೂಲಿಯ ಬಗ್ಗೆ ಬೆಂಗಳೂರು ಹೀಗೆ ಯೋಚಿಸುತ್ತಿದ್ದ ವಾರಗಳಲ್ಲೇ ದೇವದುರ್ಗದ ಕೂಲಿ ಮುಂಬೈಯಲ್ಲಿ ಬಾಗಿಲು ಮುಚ್ಚಿದ ಕೆಲಸದ ಜಾಗದ ಎದುರು ಕೂತಿದ್ದ. ಒಂದೇ ರಾಜ್ಯ ಒಂದು ಕಡೆ ಕೂಲಿಯನ್ನು ಹಿಡಿದಿಟ್ಟುಕೊಳ್ಳುವ ಊರು, ಇನ್ನೊಂದು ಕಡೆ ಕೂಲಿಯನ್ನು ಕಳಿಸುವ ಊರು. ರಾಯಚೂರು ಎರಡನೆಯದು.

ಮೇ ಮೂರನೆಯ ವಾರದಲ್ಲಿ ಜಿಲ್ಲೆಯ ಮೊದಲ ಪ್ರಕರಣಗಳು ಕಂಡವು. ಮೇ 18ರಂದು ರಾಜ್ಯ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು. ಅಷ್ಟರೊಳಗೆ ಬಂದವರಿಗೆ ಸಾಂಸ್ಥಿಕ ಕ್ವಾರಂಟೈನ್: ಶಾಲೆ, ಹಾಸ್ಟೆಲ್, ವಸತಿ ಶಾಲೆಗಳಲ್ಲಿ. ಮೊದಲು 14 ದಿನ, ತಿಂಗಳ ಕೊನೆಗೆ ಅದು 7 ದಿನಕ್ಕೆ ಇಳಿದು ಉಳಿದ 7 ದಿನ ಮನೆಯಲ್ಲಿ ಎಂದಾಯಿತು. ಊರಿಗೆ ಮರಳಲು ಸೇವಾಸಿಂಧು ಎಂಬ ಆನ್‌ಲೈನ್ ಪೋರ್ಟಲಿನಲ್ಲಿ ಅರ್ಜಿ. ಮನೆಯಲ್ಲಿ ಪ್ರತ್ಯೇಕವಾಗಿ ಇರುವವರು ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಮಾರ್ಚ್ ಕೊನೆಯಲ್ಲೇ ಒಂದು ಆ್ಯಪ್ ಬಂದಿತ್ತು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56. ಒಂದೇ ಕೋಣೆಯ ಮನೆಯಲ್ಲಿ ಆರು ಜನ ಮಲಗುವ ಕಡೆ 'ಪ್ರತ್ಯೇಕ ಕೋಣೆ' ಎಂಬ ಮಾತಿಗೂ, ಸ್ಮಾರ್ಟ್‌ಫೋನ್ ಇಲ್ಲದ ಕಡೆ ಸೆಲ್ಫಿಗೂ ಏನರ್ಥ ಎಂದು ಸುತ್ತೋಲೆ ಬರೆದವರು ಯೋಚಿಸಿರಲಾರರು.

ಆದರೂ ನ್ಯಾಯವಾಗಿ ಹೇಳಬೇಕಾದ್ದು ಇದೆ. ಆ ಮೇ ತಿಂಗಳ ಸೋಂಕಿನ ಬಹುಪಾಲು ಪತ್ತೆಯಾದದ್ದು ಊರಿನೊಳಗಲ್ಲ, ಕ್ವಾರಂಟೈನ್ ಕೇಂದ್ರಗಳಲ್ಲಿ. ಬಂದವರನ್ನು ತಡೆದು, ಗಂಟಲ ದ್ರವ ತೆಗೆದು, ಸೋಂಕಿತರನ್ನು ರಾಯಚೂರಿಗೆ ಸಾಗಿಸುವ ಕೆಲಸ ನಡೆಯಿತು. ತೈಲ ರಫ್ತು ದೇಶಗಳ ನಿಧಿಯ ನೆರವಿನಿಂದ ಕಟ್ಟಿದ, ಜನ ಇಂದಿಗೂ 'ಓಪೆಕ್' ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾಯಿತು. 2007ರಲ್ಲಿ ಶುರುವಾದ ರಿಮ್ಸ್ ವೈದ್ಯಕೀಯ ಕಾಲೇಜು ಇಲ್ಲದಿದ್ದರೆ ಜಿಲ್ಲೆಯ ಪಾಡು ಏನಾಗುತ್ತಿತ್ತೋ ಊಹಿಸುವುದು ಕಷ್ಟ. 1918ರಲ್ಲಿ ಜ್ವರ ರಾಯಚೂರು ನಿಲ್ದಾಣದಲ್ಲಿ ಇಳಿದು ಯಾರನ್ನೂ ಕೇಳದೆ ಹಳ್ಳಿಗೆ ಹೋಯಿತು. 2020ರಲ್ಲಿ ಕೆಲವು ವಾರವಾದರೂ ಅದನ್ನು ಶಾಲೆಯ ಗೇಟಿನಲ್ಲಿ ನಿಲ್ಲಿಸಲಾಯಿತು. ಅದು ಸಣ್ಣ ಸಂಗತಿಯಲ್ಲ.

ನಿಲ್ಲಿಸಿದವರು ಯಾರು ಎಂಬುದನ್ನೂ ಬರೆಯಬೇಕು. ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿ ಯಾರು ಎಲ್ಲಿಂದ ಬಂದರೆಂದು ಬರೆದುಕೊಂಡರು. ತಮ್ಮದೇ ಓಣಿಯವರಿಂದ ಬೈಸಿಕೊಂಡರು. 2020ರ ಜುಲೈ 10ರಿಂದ ಅವರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೇಳಿ ಮುಷ್ಕರ ಹೂಡಬೇಕಾಯಿತು. ಹೂಮಳೆ ಸುರಿದು, ತಟ್ಟೆ ಬಾರಿಸಿ ಕೃತಜ್ಞತೆ ಹೇಳಿದ ದೇಶದಲ್ಲಿ ಸಂಬಳ ಎಂಬ ಮಾತನ್ನು ಮಾತ್ರ ಅವರಿಗೆ ಬಳಸಲಿಲ್ಲ. ಇಂದಿಗೂ ಅದು ಗೌರವಧನವೇ. 1918ರ ಪಟವಾರಿಗೂ 2020ರ ಆಶಾಗೂ ಇರುವ ವ್ಯತ್ಯಾಸ ನಮ್ಮ ಪ್ರಜಾಪ್ರಭುತ್ವದ ಸಾಧನೆ. ಆಕೆ ಕಂದಾಯಕ್ಕಲ್ಲ, ಆರೋಗ್ಯಕ್ಕಾಗಿಯೇ ಬಾಗಿಲಿಗೆ ಬರುತ್ತಾಳೆ. ಆ ಸಾಧನೆಯ ಖರ್ಚನ್ನು ಮಾತ್ರ ಆಕೆಯ ಮೇಲೆಯೇ ಹಾಕಿದ್ದೇವೆ.

ಈಗ ಬಿಟ್ಟುಹೋದ ಕಾಲಮ್ಮಿಗೆ ಬರೋಣ: ಅವರು ಹೋಗಿದ್ದೇಕೆ? ಉತ್ತರ ಸರ್ಕಾರದ ಕಪಾಟಿನಲ್ಲೇ ಇತ್ತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಾಗ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅದರಲ್ಲಿ 21 ಕಲಬುರಗಿ ವಿಭಾಗದವು. ಮಾನ್ವಿ, ಸಿಂಧನೂರು, ಲಿಂಗಸುಗೂರು ಆ ಪಟ್ಟಿಯಲ್ಲಿವೆ. ದೇವದುರ್ಗ ಎಲ್ಲಕ್ಕಿಂತ ಕೆಳಗಿದೆ. 2020ರ ಮೇ ತಿಂಗಳಲ್ಲಿ ಜಿಲ್ಲೆಯ ಸೋಂಕಿನ ಪಟ್ಟಿಯಲ್ಲಿ ದೇವದುರ್ಗ ಮೇಲೆ ಬಂದದ್ದು, 2002ರ ಅಭಿವೃದ್ಧಿಯ ಪಟ್ಟಿಯಲ್ಲಿ ಅದು ಕೆಳಗೆ ಇದ್ದದ್ದು ಎರಡು ಬೇರೆ ಸಂಗತಿಗಳಲ್ಲ. ವೈರಸ್ ಹದಿನೆಂಟು ವರ್ಷ ಹಳೆಯ ವರದಿಯೊಂದನ್ನು ಮತ್ತೆ ಓದಿ ಹೇಳಿತು, ಅಷ್ಟೆ.

ಮಾನ್ವಿಯ ಗುಳೆಗೆ ಇನ್ನೊಂದು ಬಣ್ಣವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗ ಮಾನ್ವಿ, ರಾಯಚೂರು ತಾಲ್ಲೂಕುಗಳದ್ದು. ಕಾಲುವೆ ನಕ್ಷೆಯಲ್ಲಿದೆ, ಮೇಲಿನವರು ಬಿಟ್ಟರೆ ನೀರು ಹೊಲದಲ್ಲಿ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿದೆ. ಆದರೆ ನೀರು ಬಂದ ಮಾತ್ರಕ್ಕೆ ಜಮೀನಿಲ್ಲದವನಿಗೆ ಜಮೀನು ಬರುವುದಿಲ್ಲ. ಎರಡು ಹೊಳೆಗಳ ನಡುವಿನ ಸೀಮೆಯ ಜನ ನೀರಿಲ್ಲದ, ಕೆಲಸವಿಲ್ಲದ ತಿಂಗಳುಗಳಲ್ಲಿ ಬೆಂಗಳೂರು, ಹೈದರಾಬಾದ್, ಪುಣೆಗಳಲ್ಲಿ ಗಾರೆ ಕಲಸುತ್ತಾರೆ. ಲಾಕ್‌ಡೌನಿನಲ್ಲಿ ಮರಳಿದವರಿಗೆ ಉದ್ಯೋಗ ಖಾತ್ರಿಯಲ್ಲಿ ದಿನಕ್ಕೆ 275 ರೂಪಾಯಿಯ ಕೆಲಸ ಸಿಕ್ಕಿತು. ಕೆರೆ ಹೂಳು ತೆಗೆದರು, ಬದು ಹಾಕಿದರು. ನನ್ನ ದೃಷ್ಟಿಯಲ್ಲಿ ಆ ವರ್ಷ ಈ ಜಿಲ್ಲೆಯಲ್ಲಿ ನಡೆದ ಅತಿ ಮುಖ್ಯ ಆರೋಗ್ಯ ಕಾರ್ಯಕ್ರಮ ಅದು. ಹೊಟ್ಟೆಗೆ ಬಿದ್ದದ್ದೂ ಔಷಧಿಯೇ ಎಂದು 1918ರ ಬರ ಕಲಿಸಿದ್ದನ್ನು ಯಾರೋ ನೆನಪಿಟ್ಟುಕೊಂಡಂತಿತ್ತು. ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಮಾತ್ರ ಅದು ಬರುವುದಿಲ್ಲ.

2021ರ ಎರಡನೆಯ ಅಲೆಗೆ ಈ ತಡೆಗಳೆಲ್ಲ ಕೊಚ್ಚಿಹೋದವು. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಪ್ರಕರಣಗಳು. ಅದಕ್ಕೆ ಮೂರು ದಿನ ಮೊದಲು ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ರಾತ್ರಿ 24 ಜನ ಸತ್ತರು. ಈ ಸಲ ರೋಗ ಹೊರಗಿನಿಂದ ಬಂದವರದಲ್ಲ, ಊರೊಳಗಿನದು. 'ವೈದ್ಯರ ನಡೆ ಹಳ್ಳಿ ಕಡೆ' ಎಂಬ ಕಾರ್ಯಕ್ರಮ ಬಂದದ್ದು ಆ ಮೇ ತಿಂಗಳಲ್ಲಿ. ಹೆಸರು ಚೆನ್ನಾಗಿದೆ. ಆದರೆ ವೈದ್ಯರು ಹಳ್ಳಿಯ ಕಡೆ ನಡೆಯುವುದಕ್ಕೆ ಒಂದು ಮಹಾಸೋಂಕಿನ ಎರಡನೆಯ ವರ್ಷ ಬರಬೇಕಾಯಿತು ಎಂಬುದನ್ನೂ ಆ ಹೆಸರೇ ಹೇಳುತ್ತದೆ. ಸಾವಿನ ಲೆಕ್ಕದಲ್ಲಿ ಇತಿಹಾಸ ಮರುಕಳಿಸಿತು. 2021ರ ಕೊನೆಗೆ ದೇಶದ ಅಧಿಕೃತ ಕೋವಿಡ್ ಸಾವುಗಳು ಸುಮಾರು 4.8 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಕೊಟ್ಟ ಹೆಚ್ಚುವರಿ ಸಾವುಗಳ ಅಂದಾಜು ಸುಮಾರು 47 ಲಕ್ಷ. ಭಾರತ ಸರ್ಕಾರ ಅದನ್ನು ಒಪ್ಪಲಿಲ್ಲ. ಯಾವ ಅಂಕಿ ಸರಿ ಎಂಬ ವಾದದಲ್ಲಿ ನಾನು ಇಳಿಯುವುದಿಲ್ಲ. ಹಳ್ಳಿಯಲ್ಲಿ ಪರೀಕ್ಷೆಯಾಗದೆ, ಆಸ್ಪತ್ರೆ ಸೇರದೆ ಸತ್ತವರ ಸಾವಿಗೆ ಕಾರಣ ಬರೆಯುವವರಿಲ್ಲದಿದ್ದರೆ ಅಂಥ ವಾದ ಮುಗಿಯುವುದೇ ಇಲ್ಲ. ನೂರು ವರ್ಷದ ಹಿಂದೆ ಪಟವಾರಿಯ ಪುಸ್ತಕದಲ್ಲಿ 'ಜ್ವರ' ಎಂಬ ಒಂದೇ ಪದದಡಿ ಎಲ್ಲ ಸಾವೂ ಸೇರುತ್ತಿತ್ತು.

ಸಾಂಕ್ರಾಮಿಕ ಮುಗಿದ ಮೇಲೆ ಏನು ಉಳಿಯಿತು ಎಂಬುದು ಯಾವುದೇ ಸರ್ಕಾರದ ಪ್ರತಿಕ್ರಿಯೆಯ ನಿಜವಾದ ಪರೀಕ್ಷೆ. 2022ರ ಮೇ 13ರಿಂದ ರಾಯಚೂರಿನಲ್ಲಿ ಏಮ್ಸ್ ಬೇಕೆಂದು ಧರಣಿ ಕೂತವರು ಸಾವಿರ ದಿನಗಳನ್ನೂ ದಾಟಿ ಕೂತರು. ಅದೇ ಬೇಸಿಗೆಯಲ್ಲಿ ರಾಯಚೂರು ನಗರದ ಜನ ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಆ ಡಿಸೆಂಬರ್‌ನಲ್ಲಿ ರಾಜ್ಯದ ಮೊದಲ ಝಿಕಾ ವೈರಸ್ ಪ್ರಕರಣ ಪತ್ತೆಯಾದದ್ದೂ ಈ ಜಿಲ್ಲೆಯಲ್ಲೇ. ಮಹಾಸೋಂಕು ಕಲಿಸಿದ ಎಚ್ಚರದಿಂದ ಪತ್ತೆಯ ಕೆಲಸ ಚುರುಕಾಗಿದೆ ಎಂದು ಸಂತೋಷಪಡಬಹುದು. ಕುಡಿಯುವ ನೀರು ಮಾತ್ರ 1918ರಷ್ಟೇ ಹಳೆಯ ಪ್ರಶ್ನೆ. 371(ಜೆ) ಬಂದಿದೆ, ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವಾಗಿದೆ. ಹೆಸರಿನ ಕಲ್ಯಾಣ ನಲ್ಲಿಯ ತನಕ ಬರಬೇಕಿದೆ.

ಕೊನೆಗೆ ಒಂದು ಸಣ್ಣ ಬೇಡಿಕೆ. ಮುಂದಿನ ಸಂಶೋಧಕರ ಪರವಾಗಿ ಕೇಳುತ್ತಿದ್ದೇನೆ. 2020ರಲ್ಲಿ ಪ್ರತಿ ಕ್ವಾರಂಟೈನ್ ಶಾಲೆಯಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ಕಾರ್ಯಪಡೆಯಲ್ಲಿ, ಪ್ರತಿ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಒಂದು ಪುಸ್ತಕವಿತ್ತು. ಯಾರು, ಯಾವ ಊರಿಂದ, ಯಾವ ಕೆಲಸ ಬಿಟ್ಟು, ಎಷ್ಟು ಜನರೊಡನೆ ಬಂದರೆಂದು ಅದರಲ್ಲಿ ಕೈಬರಹದಲ್ಲಿ ಇದೆ. ರಾಯಚೂರಿನ ಗುಳೆಯ ಬಗ್ಗೆ ಇಷ್ಟು ವಿವರವಾದ ದಾಖಲೆ ಹಿಂದೆ ಎಂದೂ ಇರಲಿಲ್ಲ, ಮತ್ತು ಅದು ಕನ್ನಡದಲ್ಲಿದೆ. ಈಗ ಅದು ರದ್ದಿಯಾಗುವ ಕಾಲ. ಜನರ ಖಾಸಗಿ ವಿವರಗಳಿಗೆ ರಕ್ಷಣೆ ಕೊಟ್ಟು, ಬೇಕಾದಷ್ಟು ವರ್ಷ ಮುಚ್ಚಿಟ್ಟಾದರೂ ಸರಿ, ಆ ಪುಸ್ತಕಗಳನ್ನು ರಾಜ್ಯ ಪತ್ರಾಗಾರ ಇಲಾಖೆಗೆ ಒಯ್ಯಬೇಕು. ಸರ್ಕಾರ ಮಾಡದಿದ್ದರೆ ಕಾಲೇಜುಗಳ ಇತಿಹಾಸ ವಿಭಾಗಗಳು ತಮ್ಮ ಊರಿನ ಪಂಚಾಯಿತಿಯನ್ನಾದರೂ ಹೋಗಿ ಕೇಳಬೇಕು. ಈ ಬರಹ ಓದುತ್ತಿರುವ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಒಂದು ಮಧ್ಯಾಹ್ನದ ಕೆಲಸ ಅದು. ಬುಲೆಟಿನ್‌ನಲ್ಲಿ ಸಂಖ್ಯೆಯಾಗಿ ಬಂದವರು ಆ ಪುಸ್ತಕದಲ್ಲಿ ಹೆಸರು, ಊರು, ಕಸುಬು ಇರುವ ಮನುಷ್ಯರಾಗಿ ಇದ್ದಾರೆ. ಅವರು ಏಕೆ ಹೋದರು ಎಂಬ ಪ್ರಶ್ನೆಗೆ ಉತ್ತರ ಬರೆಯಲು 2120ರವರೆಗೆ ಕಾಯಬೇಕಿಲ್ಲ.